ಒಂದು ಕವಿತೆಯನ್ನೂ ಓದದ ಕವನ ಸಂಕಲನ ಬಿಡುಗಡೆ

ಈಗಷ್ಟೇ ಒಂದು ಪುಸ್ತಕ ಬಿಡುಗಡೆಯಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊಸ ಕವಿಯ ಮೊದಲ ಸಂಕಲನ. ವೇದಿಕೆ ತುಂಬ ದೊಡ್ಡವರು. ಒಬ್ಬರು ಮುನ್ನುಡಿಯ ಬಗ್ಗೆ ಮಾತಾಡಿದರು, ಇನ್ನೊಬ್ಬರು ನವ್ಯ, ಬಂಡಾಯ ಅಂತ ಸಾಹಿತ್ಯ ಚಳವಳಿಗಳ ಚರಿತ್ರೆ ಹೇಳಿದರು, ಅಧ್ಯಕ್ಷರು 'ಪ್ರಯೋಗ ಚೆನ್ನಾಗಿದೆ, ಆದರೆ ಅರ್ಥವಾಗಲ್ಲ, ಮುಂದಿನ ಸಲ ಸರಳವಾಗಿ ಬರೆಯಮ್ಮ' ಅಂತ ಹರಸಿ ಕೂತರು. ಒಂದಾದರೂ ಕವಿತೆಯನ್ನು ಪೂರ್ತಿ ಓದಬೇಕಿತ್ತಲ್ವಾ? ಯಾರೂ ಓದಲಿಲ್ಲ. ಆಕೆಗೆ ಸಿಕ್ಕಿದ್ದು ಧನ್ಯವಾದ ಹೇಳುವಷ್ಟು ಹೊತ್ತು.

ಕಿವಿಗೆ ಅಂತ ಬರೆದ ಕವಿತೆಯ ಮೇಲೆ ಸುಮ್ನೆ ಕಣ್ಣಾಡಿಸಿ 'ಅರ್ಥವಾಗಲಿಲ್ಲ' ಅನ್ನಬೇಡಿ. ನನ್ನ ತಕರಾರು ಇಷ್ಟೇ.

ಅಕ್ಕ ತಂಗಿಗೆ ಜಡೆ ಹಾಕುವ ಒಂದು ಕವಿತೆ ಈ ಪುಸ್ತಕದಲ್ಲಿದೆ. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕವಿ ಅದನ್ನು ಕೊಡದೆ ಕಾಯಿಸುತ್ತಾಳೆ. ಮೂರು ವಾಕ್ಯ ಶುರುವಾಗುತ್ತವೆ, ಒಂದರ ಅರ್ಧ ಇನ್ನೊಂದರ ಮೇಲೆ ಬಂದು ಕೂರುತ್ತದೆ, ಯಾವುದೂ ಮುಗಿಯುವುದಿಲ್ಲ. ಕಣ್ಣಲ್ಲಿ ಓದಿದರೆ ಅಚ್ಚಿನ ತಪ್ಪು ಅನ್ನಿಸಬಹುದು. ಬಾಯಿಬಿಟ್ಟು ಓದಿ. ಸಾಲಿನ ನಡುವೆ ಬಿಟ್ಟ ಜಾಗದಲ್ಲಿ ಉಸಿರು ತಾನಾಗಿ ನಿಲ್ಲುತ್ತದೆ. ಕೊನೆಯ ಸಾಲಲ್ಲಿ ಒಂದೇ ಪದ, 'ಬಿಗಿದಳು'. ಮೂರೂ ವಾಕ್ಯ ಅಲ್ಲಿ ಬಂದು ಸೇರಿದಾಗ ನನಗೆ ಮೈ ಜುಮ್ಮೆಂದಿತು.

ಹಾಗಾದರೆ ಅರ್ಥವಾಗದ್ದನ್ನೆಲ್ಲ ಹೊಗಳಬೇಕಾ ಅಂತ ಕೇಳುತ್ತೀರಿ. ಬೇಡ. ಪ್ರಯೋಗದ ಹೆಸರಲ್ಲಿ ಸಾಲು ಮುರಿದಿಟ್ಟವರು ಬೇಕಾದಷ್ಟಿದ್ದಾರೆ, ಈ ಪುಸ್ತಕದಲ್ಲೂ ಅಂಥ ಒಂದೆರಡು ಕವಿತೆಗಳಿವೆ. ಆದರೆ ಅದು ಗೊತ್ತಾಗುವುದೂ ಗಟ್ಟಿಯಾಗಿ ಓದಿದಾಗಲೇ. ಸಾಲನ್ನು ಎಲ್ಲಿ ಮುರಿದರೂ ನಡೆಯುತ್ತಿತ್ತು ಅನ್ನಿಸಿದರೆ ಕವಿ ಅಲ್ಲಿ ಎಡವಿದ್ದಾಳೆ ಅಂತಲೇ ಲೆಕ್ಕ. ಹಾಗೆ ಬೈದಿದ್ದರೂ ನಾನು ಖುಷಿಯಾಗಿ ಕೇಳುತ್ತಿದ್ದೆ. ಓದಿದವರು ಬೈದಿದ್ದಾರೆ ಅಂತಾದರೂ ಆಗುತ್ತಿತ್ತು.

ಕವಿ ಗೋವಿಂದ ಪೈಯವರು 1911ರಲ್ಲೇ ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಬೇಕು ಅನ್ನುವ ಕಟ್ಟು, ಕೈಬಿಟ್ಟರು, ಇವತ್ತು ಕವಿತೆಯಲ್ಲಿ ಅದು ಇಲ್ಲ ಅಂತ ಯಾರೂ ಕೊರಗುವುದಿಲ್ಲ. ಬೇಂದ್ರೆಯವರ 'ನಾಕುತಂತಿ'ಗೆ 1973ರಲ್ಲಿ ಜ್ಞಾನಪೀಠ ಬಂತು. ಆ ಕವಿತೆ ಮೊದಲ ಓದಿಗೇ ಪೂರ್ತಿ ದಕ್ಕಿತು ಅನ್ನುವವರು ನನಗಂತೂ ಸಿಕ್ಕಿಲ್ಲ. ಆದರೂ ಹಾಡುತ್ತೇವೆ. ಮೊದಲು ಕಿವಿಗೆ ಬಿತ್ತು, ಅರ್ಥ ನಿಧಾನಕ್ಕೆ ಬಂತು, ಕೆಲವು ಕಡೆ ಇನ್ನೂ ಬರುತ್ತಲೇ ಇದೆ. ಬೇಂದ್ರೆಯವರನ್ನು ಓದುವಾಗ ಇರುವ ತಾಳ್ಮೆ ಮೊದಲ ಪುಸ್ತಕ ತಂದವಳ ಮುಂದೆ ಎಲ್ಲಿ ಹೋಗುತ್ತದೆ?

'ಸರಳವಾಗಿ ಬರಿ' ಅನ್ನುವ ಮಾತು ನನಗೂ ಸಣ್ಣ ವಯಸ್ಸಲ್ಲಿ ಸಿಕ್ಕಿತ್ತು. ಆಮೇಲೆ ನಾನು ಕವಿತೆ ಬರೆಯಲೇ ಇಲ್ಲ. ಇವತ್ತು ಆಕೆ ತಲೆ ತಗ್ಗಿಸಿ ಕೂತಿದ್ದು ನೋಡಿ ಹೊಟ್ಟೆ ಉರಿಯಿತು.

ಕವನ ಸಂಕಲನ ಬಿಡುಗಡೆ ಮಾಡುವ ಗೆಳೆಯರೇ, ಭಾಷಣ ಮಾಡುವವರಲ್ಲಿ ಒಬ್ಬರನ್ನು ಕಡಿಮೆ ಮಾಡಿ, ಆ ಹೊತ್ತಿಗೆ ಕವಿಯ ಕೈಗೆ ಮೈಕ್ ಕೊಡಿ. ಜಡೆಯ ಕವಿತೆ ಕೇಳಬೇಕು ಅನ್ನುವವರು ಇನ್‌ಬಾಕ್ಸ್‌ಗೆ ಬನ್ನಿ, ನಾನೇ ಓದಿ ಕಳಿಸುತ್ತೇನೆ.