ದೇವರನ್ನು ನಂಬಿದವರು ದೇವರಿಗೆ ಹೆದರಬೇಕೇ?

ಪರ: ಭಯ ಹೋದರೆ ಭಕ್ತಿಯೂ ಹೋಗುತ್ತದೆ

ಕನ್ನಡದಲ್ಲಿ ನಾವು 'ಭಯಭಕ್ತಿ' ಅನ್ನುತ್ತೇವೆ. ಎರಡು ಪದ ಅಂಟಿಕೊಂಡು ಒಂದೇ ಆಗಿಬಿಟ್ಟಿವೆ. ಕನ್ನಡ ಬೈಬಲಿನಲ್ಲೂ ಈ ಪದ ಇದೆ. ಈಗ ಕೆಲವರಿಗೆ ಇದರ ಮೊದಲ ಅರ್ಧ ಬೇಡವಾಗಿದೆ. ದೇವರು ಪ್ರೀತಿ, ಮತ್ತೆ ಹೆದರೋದು ಯಾಕೆ ಅನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಇವರು ಹೇಳುವ ದೇವರು ಯಾವತ್ತೂ ಯಾವುದಕ್ಕೂ ಬೇಡ ಅನ್ನುವುದಿಲ್ಲ. ಹೆಗಲ ಮೇಲೆ ಕೈ ಹಾಕಿಕೊಂಡು ನಾವು ಹೋದ ಕಡೆಗೆಲ್ಲ ಬರುತ್ತಾನೆ. ಅಂಥವನನ್ನು ಗೆಳೆಯ ಅನ್ನಬಹುದು. ದೇವರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ ಕೊನೆಯನ್ನು ನಿಧಾನವಾಗಿ ಓದಿ. ಸಂಜೆಯಾಗಿದೆ. ಗಲಿಲಾಯ ಸಮುದ್ರದ ಮೇಲೆ ಬಿರುಗಾಳಿ ಎದ್ದಿದೆ, ದೋಣಿಗೆ ನೀರು ತುಂಬುತ್ತಿದೆ. ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿ ನಿದ್ರೆ ಮಾಡುತ್ತಿದ್ದಾನೆ. ಶಿಷ್ಯರಲ್ಲಿ ಕೆಲವರು ಅದೇ ನೀರಿನಲ್ಲಿ ಬಲೆ ಬೀಸಿ ಬೆಳೆದವರು. ಅಂಥವರೇ ಕಂಗಾಲಾಗಿ ಆತನನ್ನು ಎಬ್ಬಿಸುತ್ತಾರೆ. ಆತ ಎದ್ದು ಗಾಳಿಯನ್ನು ಗದರಿಸುತ್ತಾನೆ. ಗಾಳಿ ನಿಲ್ಲುತ್ತದೆ, ನೀರು ಶಾಂತವಾಗುತ್ತದೆ. ಇಲ್ಲಿಗೆ ಭಯ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಅವರು ಬಹಳವಾಗಿ ಹೆದರಿದರು, ಈತ ಯಾರಿರಬಹುದು ಎಂದು ಒಬ್ಬರಿಗೊಬ್ಬರು ಮಾತಾಡಿಕೊಂಡರು ಎಂದು ಮಾರ್ಕ ಬರೆಯುತ್ತಾನೆ. ನೀರು ಶಾಂತವಾದ ಮೇಲೆ ಭಯ ಜಾಸ್ತಿಯಾಯಿತು!

ಮೂಲ ಗ್ರೀಕಿನಲ್ಲಿ ಇಲ್ಲಿ ಎರಡು ಬೇರೆ ಪದಗಳಿವೆ. ಯಾಕೆ ಹೆದರುತ್ತೀರಿ ಎಂದು ಯೇಸು ಗದರುವಾಗ ಇರುವ ಪದ 'ದೈಲೋಸ್', ಅಂದರೆ ಅಂಜುಬುರುಕ, ಹೇಡಿ. ಬಿರುಗಾಳಿ ನಿಂತ ಮೇಲೆ ಅವರಿಗೆ ಆದದ್ದು 'ಫೋಬೋಸ್', ಅಂದರೆ ಭಯ, ಅದೂ ಮಹಾ ಫೋಬೋಸ್. ಮೊದಲನೆಯದನ್ನು ಯೇಸು ತಪ್ಪು ಎಂದ. ಎರಡನೆಯದಕ್ಕೆ ಒಂದು ಮಾತೂ ಆಡಲಿಲ್ಲ. ನೀರಿಗೆ ಹೆದರುವವನು ಹೇಡಿ. ನೀರನ್ನು ಸುಮ್ಮನಾಗಿಸಿದವನ ಪಕ್ಕದಲ್ಲಿ ಕೂತು ನಡುಗದೇ ಇರುವವನಿಗೆ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದೇ ಗೊತ್ತಾಗಿಲ್ಲ.

ಈಗ ನನ್ನದೇ ಒಂದು ವಿಷಯ ಹೇಳಬೇಕು. ಇದನ್ನು ಈವರೆಗೆ ಬರೆದಿರಲಿಲ್ಲ.

ನಾನು ಕೆಲವು ವರ್ಷ ನಮ್ಮ ಸಭೆಯ ಖಜಾಂಚಿಯಾಗಿದ್ದೆ. ಭಾನುವಾರ ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲಗಳನ್ನು ಹಿಂದಿನ ಕೋಣೆಯ ಮೇಜಿನ ಮೇಲೆ ಸುರಿದು ಎಣಿಸುವುದು ನನ್ನ ಕೆಲಸ. ಮಡಿಚಿದ ನೋಟುಗಳನ್ನು ಬೆರಳಿನಿಂದ ಬಿಡಿಸಿ, ಹೊರಕ್ಕೆ ಮುಖ ಮಾಡಿ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಪುಸ್ತಕದಲ್ಲಿ ಬರೆಯಬೇಕು. ಎಣಿಸಲು ಇಬ್ಬರು ಇರಬೇಕು ಅನ್ನೋದು ನಿಯಮ. ಒಂದು ಭಾನುವಾರ ಜೊತೆಯವರು ಬೇಗ ಹೊರಟರು. ಆ ತಿಂಗಳು ಮನೆಯಲ್ಲಿ ತುಂಬಾ ಕಷ್ಟವಿತ್ತು. ಒಂದು ಕಟ್ಟನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಮುಂದಿನ ತಿಂಗಳು ವಾಪಸ್ ಇಡುತ್ತೇನೆ, ಇದು ಸಾಲ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಪುಸ್ತಕದಲ್ಲಿ ಕಡಿಮೆ ಬರೆದೆ.

ಯಾರೂ ನೋಡಿರಲಿಲ್ಲ. ಸಿಕ್ಕಿಬೀಳುವ ದಾರಿಯೇ ಇರಲಿಲ್ಲ. ಹನ್ನೊಂದು ದಿನ ಹೀಗೇ ಕಳೆಯಿತು. ಆ ಹನ್ನೊಂದು ದಿನವೂ ದೇವರ ಪ್ರೀತಿಯ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಅವನು ಕ್ಷಮಿಸುತ್ತಾನೆ ಅಂತ ಗೊತ್ತಿತ್ತು. ನಿಜ ಹೇಳಬೇಕೆಂದರೆ, ಆ ನಂಬಿಕೆಯೇ ನನಗೆ ತಲೆದಿಂಬಾಗಿತ್ತು. ಹನ್ನೆರಡನೇ ರಾತ್ರಿ ಕರ್ತನ ಪ್ರಾರ್ಥನೆ ಹೇಳುತ್ತಿದ್ದೆ. 'ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ' ಅನ್ನುವಲ್ಲಿ ಮಾತು ನಿಂತಿತು. ಎಣಿಸುವುದು. ನಾನು ಎಣಿಸಿದ್ದು ಏನು? ಕೈ ನಡುಗಿತು. ಗುಡುಗಿಲ್ಲ, ಮಿಂಚಿಲ್ಲ. ಒಬ್ಬನು ನನ್ನನ್ನು ನೋಡುತ್ತಿದ್ದಾನೆ ಅನ್ನೋದು ಮಾತ್ರ ಮೈಯೆಲ್ಲ ಅರಿವಾಯಿತು.

ಬೆಳಿಗ್ಗೆ ಆ ಕಟ್ಟನ್ನು ಹಿಡಿದುಕೊಂಡು ಪಾದ್ರಿಗಳ ಮನೆಗೆ ಹೋದೆ. ಅವರು ಬೈಯಲಿಲ್ಲ. ಬೈಬಲ್ ತೆಗೆದು ಮಾರ್ಕ 5 ಓದಿದರು. ಹನ್ನೆರಡು ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸು ಗುಂಪಿನಲ್ಲಿ ನುಗ್ಗಿ, ಯಾರಿಗೂ ಕಾಣದಂತೆ ಯೇಸುವಿನ ಬಟ್ಟೆ ಮುಟ್ಟಿದಳು, ಗುಣವಾದಳು. ಸುಮ್ನೆ ಹೋಗಿಬಿಡಬಹುದಿತ್ತು. ಆದರೆ ಅವಳು ಹೆದರಿ ನಡುಗುತ್ತಾ ಬಂದು, ಆತನ ಮುಂದೆ ಬಿದ್ದು, ನಿಜವನ್ನೆಲ್ಲ ಹೇಳಿದಳು. ಆಗ ಯೇಸು ಅವಳನ್ನು 'ಮಗಳೇ' ಎಂದು ಕರೆದು, ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು ಎಂದ. ನಡುಗಿದವಳೂ ಅವಳೇ, ನಂಬಿದವಳೂ ಅವಳೇ. "ನಿಮ್ಮ ಬಾಯಿಂದ ನಿಜ ಹೊರಡಿಸಿದ್ದು ಆ ನಡುಕವೇ, ಅದಕ್ಕೆ ಸ್ತೋತ್ರ ಹೇಳಿ" ಎಂದರು ಪಾದ್ರಿಗಳು.

ಅಂದಿನಿಂದ 'ಯೆಹೋವನ ಭಯವೇ ಜ್ಞಾನಕ್ಕೆ ಮೂಲವು' ಎಂಬ ಮಾತು ನನಗೆ ಗೋಡೆಯ ಮೇಲಿನ ವಾಕ್ಯವಾಗಿ ಉಳಿದಿಲ್ಲ. ಮೂಲ ಅಂದರೆ ಬೇರು. ಬೇರನ್ನು ಕಿತ್ತು ಹಣ್ಣು ಕೇಳಿದರೆ ಎಲ್ಲಿಂದ ಬರಬೇಕು?

ದೇವರ ಭಯ ಮನುಷ್ಯನನ್ನು ಕುಗ್ಗಿಸುತ್ತದೆ ಅನ್ನುವವರು ಬೈಬಲಿನ ವಿಮೋಚನಕಾಂಡದ ಮೊದಲ ಅಧ್ಯಾಯ ನೋಡಲಿ. ಇಬ್ರಿಯರ ಗಂಡುಕೂಸುಗಳನ್ನು ಹುಟ್ಟಿದ ಕೂಡಲೇ ಕೊಲ್ಲಿ ಎಂದು ಫರೋಹ ಇಬ್ಬರು ಸೂಲಗಿತ್ತಿಯರಿಗೆ ಆಜ್ಞೆ ಮಾಡಿದ. ಅವರು ಕೊಲ್ಲಲಿಲ್ಲ. ಕಾರಣ ಒಂದೇ, ಅವರಿಗೆ ದೇವರ ಭಯವಿತ್ತು. ಇಬ್ಬರು ಹೆಂಗಸರು ರಾಜನ ಮಾತನ್ನು ತಳ್ಳಿಹಾಕಿದ್ದು ಆ ಭಯದ ಬಲದಿಂದ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1529ರ 'ಚಿಕ್ಕ ಪ್ರಶ್ನೋತ್ತರ' ಎಂಬ ಬೋಧನೆಯ ಪುಸ್ತಕದಲ್ಲಿ ಹತ್ತು ಆಜ್ಞೆಗಳಲ್ಲಿ ಮೊದಲನೆಯದನ್ನು ಮಕ್ಕಳಿಗೆ ವಿವರಿಸಿದ್ದು ಹೇಗೆ ಗೊತ್ತೇ? ಎಲ್ಲಕ್ಕಿಂತ ಹೆಚ್ಚಾಗಿ ದೇವರಿಗೆ ಭಯಪಡಬೇಕು, ದೇವರನ್ನು ಪ್ರೀತಿಸಬೇಕು, ನಂಬಬೇಕು. ಭಯವನ್ನೇ ಮೊದಲು ಇಟ್ಟ.

ಪೂರ್ಣ ಪ್ರೀತಿ ಭಯವನ್ನು ಹೊರಗೆ ಹಾಕುತ್ತದೆ ಎಂದು ಯೋಹಾನನ ಪತ್ರದಲ್ಲಿ ಇದೆಯಲ್ಲ ಅನ್ನಬಹುದು. ಇದೆ. ಅದು ಆಳಿನ ಭಯ, ಏಟು ಬೀಳುತ್ತದೆ ಎಂಬ ಭಯ. ಮಕ್ಕಳ ಭಯ ಬೇರೆ, ಅದು ಅಪ್ಪನ ಮನಸ್ಸು ನೋಯುತ್ತದಲ್ಲ ಎಂಬ ಭಯ. ಕಥೋಲಿಕ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಕಥೋಲಿಕರು ಪವಿತ್ರಾತ್ಮನ ಏಳು ವರಗಳನ್ನು ಹೇಳುವಾಗ ದೈವಭಯವನ್ನೂ ಒಂದು ವರವಾಗಿ ಎಣಿಸುತ್ತಾರೆ. ವರವಾಗಿ ಬಂದದ್ದನ್ನು ರೋಗ ಅನ್ನಬೇಡಿ.

ವಿರೋಧ: 'ಹೆದರಬೇಡ' ಎಂದವನ ಮಾತು ಕೇಳೋಣ

ಈ ಕಡೆಯಿಂದ ಬರೆಯಿರಿ ಎಂದು ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಮೊದಲೇ ಹೇಳಿಬಿಡುತ್ತೇನೆ, ದೇವರ ಭಯ ಪೂರ್ತಿಯಾಗಿ ಬೇಡ ಅನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ಈ ಪಕ್ಷಕ್ಕೂ ಬೈಬಲಿನಲ್ಲಿ ಗಟ್ಟಿ ಆಧಾರವಿದೆ.

ಬೈಬಲಿನಲ್ಲಿ ಮನುಷ್ಯ ಮೊದಲ ಸಲ 'ಹೆದರಿದೆ' ಅನ್ನುವುದು ಏದೆನ್ ತೋಟದಲ್ಲಿ. ನಿನ್ನ ಸಪ್ಪಳ ಕೇಳಿ ಹೆದರಿ ಅಡಗಿಕೊಂಡೆ ಎಂದು ಆದಾಮ ಹೇಳುತ್ತಾನೆ. ಭಯ ಅವನ ಬಾಯಿಂದ ನಿಜ ಹೊರಡಿಸಲಿಲ್ಲ, ಮರಗಳ ಹಿಂದೆ ಕೂರಿಸಿತು. ಮತ್ತಾಯ 25ರ ಸಾಮ್ಯದಲ್ಲಿ ಒಬ್ಬ ಆಳು ಧಣಿ ಕೊಟ್ಟ ತಲಾಂತನ್ನು, ಅಂದರೆ ದೊಡ್ಡ ಮೊತ್ತದ ಹಣವನ್ನು, ನೆಲದಲ್ಲಿ ಹೂತಿಟ್ಟ. ಯಾಕೆ ಎಂದರೆ, ನೀನು ಕಠಿಣ ಮನುಷ್ಯ ಎಂದು ತಿಳಿದು ಹೆದರಿದೆ ಅಂದ. ಉಳಿದಿಬ್ಬರು ಧಣಿಯನ್ನು ನಂಬಿ ವ್ಯಾಪಾರ ಮಾಡಿದರು, ಶಹಬಾಸ್ ಅನ್ನಿಸಿಕೊಂಡರು.

ಎದುರು ಪಕ್ಷದ ಲೇಖನವನ್ನು ನನಗೆ ಮೊದಲೇ ಓದಲು ಕೊಟ್ಟಿದ್ದರು. ದೈಲೋಸ್ ತಪ್ಪು, ಫೋಬೋಸ್ ಸರಿ ಎಂದು ಅಲ್ಲಿ ಬರೆದಿದೆ. ಮುಂದಿನ ಅಧ್ಯಾಯವನ್ನೂ ಅದೇ ಗ್ರೀಕಿನಲ್ಲಿ ಓದಬೇಕಿತ್ತು. ಯೇಸು ದೆವ್ವ ಬಿಡಿಸಿದ ಮೇಲೆ ಸ್ವಸ್ಥನಾಗಿ ಕೂತ ಮನುಷ್ಯನನ್ನು ನೋಡಿ ಆ ಊರಿನವರು ಹೆದರಿದರಲ್ಲ, ಅಲ್ಲಿರುವುದೂ ಫೋಬೋಸ್‌ನ ಕ್ರಿಯಾಪದವೇ. ಹೆದರಿ ಏನು ಮಾಡಿದರು? ನಮ್ಮ ಪ್ರಾಂತ ಬಿಟ್ಟು ಹೋಗು ಎಂದು ಯೇಸುವನ್ನೇ ಬೇಡಿಕೊಂಡರು. ಮಗಳು ತೀರಿಕೊಂಡಳು ಎಂಬ ಸುದ್ದಿ ಬಂದಾಗ ಯಾಯೀರ ಎಂಬ ತಂದೆಗೆ ಯೇಸು ಹೇಳಿದ್ದು, ಹೆದರಬೇಡ, ನಂಬಿಕೆ ಮಾತ್ರ ಇರಲಿ. ಅಲ್ಲೂ ಅದೇ ಪದ. ಮಾರ್ಕನ ಸುವಾರ್ತೆ ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ 16ನೇ ಅಧ್ಯಾಯದ 8ನೇ ವಚನಕ್ಕೆ ಮುಗಿಯುತ್ತದೆ. ಯೇಸುವಿನ ಸಮಾಧಿ ಬರಿದಾಗಿದ್ದನ್ನು ಕಂಡ ಹೆಂಗಸರು ಓಡಿಹೋದರು, ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ. ಯೇಸು ಸಾವಿನಿಂದ ಎದ್ದ ಅಷ್ಟು ದೊಡ್ಡ ಸುದ್ದಿಗೆ ಬಾಯಿ ಕಟ್ಟಿದ್ದು ಭಯ.

ಲೂಥರ್ ಹೆಸರು ಬಂತು. 1505ರ ಜುಲೈಯಲ್ಲಿ ಸಿಡಿಲಿಗೆ ಹೆದರಿ ಸನ್ಯಾಸಿಯಾಗುತ್ತೇನೆ ಎಂದು ಹರಕೆ ಹೊತ್ತವನೂ ಅವನೇ. ಮಠದೊಳಗೆ ಅವನಿಗೆ ನೆಮ್ಮದಿ ಸಿಗಲಿಲ್ಲ. ಎಷ್ಟು ಪಾಪನಿವೇದನೆ ಮಾಡಿದರೂ ಇನ್ನೂ ಏನೋ ಉಳಿದಿದೆ ಅನ್ನಿಸುತ್ತಿತ್ತು. ದೇವರ ನೀತಿ ಅನ್ನೋ ಪದವನ್ನೇ ದ್ವೇಷಿಸುತ್ತಿದ್ದೆ ಎಂದು ಮುಂದೆ ಅವನೇ ಬರೆದ. ಅವನನ್ನು ಅಲ್ಲಿಂದ ಎತ್ತಿದ್ದು ನಂಬಿಕೆ. 1741ರಲ್ಲಿ ಅಮೆರಿಕದ ಎನ್‌ಫೀಲ್ಡ್‌ನಲ್ಲಿ ಜೊನಾಥನ್ ಎಡ್ವರ್ಡ್ಸ್ ಎಂಬ ಪಾದ್ರಿ, ಪಾಪಿಯನ್ನು ಬೆಂಕಿಯ ಮೇಲೆ ಹಿಡಿದ ಜೇಡಕ್ಕೆ ಹೋಲಿಸಿ ಪ್ರಸಂಗ ಮಾಡಿದಾಗ ಜನ ಗೋಳಾಡಿದರು. ಹೀಗೆ ಬೆಂಕಿ ತೋರಿಸಿ ತರಿಸುವ ಕಣ್ಣೀರನ್ನು ನಂಬಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ವಾದಕ್ಕೆ ಇಷ್ಟು ಸಾಕು. ಆದರೆ ನನ್ನ ಮನಸ್ಸಿನಲ್ಲಿ ಇರುವುದು ವಚನಗಳಿಗಿಂತ ಜಾಸ್ತಿ ನನ್ನ ದೊಡ್ಡಮ್ಮ. ಅವರ ಕೊನೆಯ ದಿನಗಳಲ್ಲಿ ರಾತ್ರಿ ನಾನೇ ಜೊತೆಗಿದ್ದೆ. ಜೀವನಪೂರ್ತಿ ದೇವರಿಗೆ ಹೆದರಿ ನಡೆದವರು. ಒಂದು ಭಾನುವಾರವೂ ಆರಾಧನೆ ತಪ್ಪಿಸಿದವರಲ್ಲ. ಆ ರಾತ್ರಿಗಳಲ್ಲಿ ದೀಪ ಆರಿಸಲು ಬಿಡುತ್ತಿರಲಿಲ್ಲ. ಹೊದಿಕೆಯ ಅಂಚನ್ನು ಹಿಡಿದು, ಹೆಬ್ಬೆರಳಿನಿಂದ ಉಳಿದ ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತಾ ಏನೋ ಎಣಿಸುತ್ತಿದ್ದರು. ಏನು ಎಣಿಸುತ್ತಿದ್ದೀರಿ ದೊಡ್ಡಮ್ಮ ಎಂದು ಕೇಳಿದೆ. "ಮರೆತ ಪಾಪ ಯಾವುದಾದರೂ ಉಳಿದಿದೆಯಾ ಅಂತ ನೋಡ್ತಿದ್ದೀನಿ" ಅಂದರು. ಚಿಕ್ಕವರಿದ್ದಾಗ ಅವರಮ್ಮನಿಗೆ ಒಂದು ಸುಳ್ಳು ಹೇಳಿದ್ದರಂತೆ. ಅದಕ್ಕೆ ಎಪ್ಪತ್ತು ವರ್ಷದಿಂದ ಕ್ಷಮೆ ಕೇಳುತ್ತಿದ್ದರು. ಆದರೂ ಅದು ಗೆಣ್ಣಿನ ಲೆಕ್ಕದಲ್ಲೇ ಇತ್ತು.

ಆಳಿನ ಭಯ, ಮಕ್ಕಳ ಭಯ ಎಂದು ಪುಸ್ತಕದಲ್ಲಿ ಬಿಡಿಸಿ ಹೇಳುವುದು ಸುಲಭ. ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ಅವೆರಡನ್ನೂ ಬಿಡಿಸಿ ಕೊಡುವವರು ಯಾರು? ನನಗೆ ಆಗಲಿಲ್ಲ. ರೋಮಾಪುರದವರಿಗೆ ಪೌಲ ಬರೆದ ಪತ್ರದ 8ನೇ ಅಧ್ಯಾಯ ತೆಗೆದು ಓದಿದೆ. ನೀವು ತಿರುಗಿ ಭಯಪಡುವುದಕ್ಕೆ ದಾಸರ ಆತ್ಮವನ್ನು ಹೊಂದಿದವರಲ್ಲ, ಮಕ್ಕಳ ಆತ್ಮವನ್ನು ಹೊಂದಿದವರು, ಆ ಆತ್ಮದಿಂದಲೇ ದೇವರನ್ನು ಅಪ್ಪಾ ಎಂದು ಕರೆಯುತ್ತೇವೆ ಎಂದು ಅದರಲ್ಲಿದೆ. ದೊಡ್ಡಮ್ಮ ಕೇಳಿಸಿಕೊಂಡರು. ಬೆರಳು ನಿಂತಿತು.

"ಅಪ್ಪಾ ಅಂತ ಕರೀಬಹುದಾ?" ಅಂದರು.

"ಕರೀಬಹುದು ದೊಡ್ಡಮ್ಮ."

"ಕೋಪ ಮಾಡ್ಕೊಳಲ್ವಾ?"

"ಇಲ್ಲ."

ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ನಾನೂ ಮತ್ತೆ ಅದನ್ನೇ ಹೇಳಿದೆ. ಬೆಳಗಾಗುವವರೆಗೆ ಎಷ್ಟು ಸಲ ಕೇಳಿದರೋ. ಆದರೆ ಆ ರಾತ್ರಿ ಅವರು ಮತ್ತೆ ಗೆಣ್ಣು ಎಣಿಸಲಿಲ್ಲ.