ಎಂಟು ವಾರದ ಧ್ಯಾನ ಮತ್ತು ಎಂಬಿಎ ವಿದ್ಯಾರ್ಥಿಗಳು: ಒಂದು ಸ್ಪಷ್ಟನೆ

ಎಂಟು ವಾರ ಧ್ಯಾನ ಮಾಡಿದರೆ ಮಿದುಳು ಬೆಳೆಯುತ್ತದೆ, ಆದ್ದರಿಂದ ಎಂಬಿಎ ವಿದ್ಯಾರ್ಥಿಗಳು ಉತ್ತಮ ಮ್ಯಾನೇಜರುಗಳಾಗುತ್ತಾರೆ, ಇದನ್ನು ಹಾರ್ವರ್ಡ್ ಸಾಬೀತುಪಡಿಸಿದೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಈ ಮಾತಿನ ಮೂಲವಾದ, ಹಾರ್ವರ್ಡ್ ವಿಶ್ವವಿದ್ಯಾಲಯದೊಂದಿಗೆ ನಂಟಿರುವ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತರಬೇತಿ ಪಡೆದವರು 16 ಮಂದಿ ಮಾತ್ರ. ಅಲ್ಲಿ ಅಳೆದದ್ದು ಮಿದುಳಿನ ಬೂದುದ್ರವ್ಯದ (ನರಕೋಶಗಳು ದಟ್ಟವಾಗಿರುವ ಭಾಗದ) ಸಾಂದ್ರತೆಯನ್ನೇ ಹೊರತು ಆಡಳಿತ ಸಾಮರ್ಥ್ಯವನ್ನಲ್ಲ. ಮೇಲಾಗಿ, 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡವು ಇನ್ನೂರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿದಾಗ, ಎಂಟು ವಾರದ ತರಬೇತಿಯಿಂದ ಮಿದುಳಿನ ರಚನೆ ಬದಲಾದ ಕುರುಹು ಕಾಣಲಿಲ್ಲ.

ಹಾಗೆಂದು ಬಿಸಿನೆಸ್ ಸ್ಕೂಲುಗಳು ಧ್ಯಾನ ಕಲಿಸುವುದೇ ನಿರಾಧಾರ ಎನ್ನಲಾಗದು. 2014ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಧ್ವನಿಮುದ್ರಿತ ಸೂಚನೆ ಕೇಳುತ್ತ 15 ನಿಮಿಷ ಉಸಿರಿನ ಮೇಲೆ ಗಮನವಿಟ್ಟವರು, ಈಗಾಗಲೇ ಹಾಕಿದ ದುಡ್ಡು ದಂಡವಾಗಬಾರದೆಂಬ ಒಂದೇ ಕಾರಣಕ್ಕೆ ನಷ್ಟದ ಯೋಜನೆಗೇ ಮತ್ತೆ ಹಣ ಸುರಿಯುವ ತಪ್ಪನ್ನು ಉಳಿದವರಿಗಿಂತ ಕಡಿಮೆ ಮಾಡಿದರು. ನಾಳೆಯ ಮ್ಯಾನೇಜರಿಗೆ ಇದು ಸಣ್ಣ ಲಾಭವೇನಲ್ಲ. ಆದರೆ ಅದೇ ಪ್ರಯೋಗಗಳನ್ನು ಮುನ್ನಡೆಸಿದ್ದ ಸಂಶೋಧಕರು 2018ರಲ್ಲಿ ಇನ್ನೊಂದನ್ನೂ ತೋರಿಸಿದರು: ಧ್ಯಾನದ ಬೆನ್ನಿಗೇ ಕೆಲಸದ ಹುಮ್ಮಸ್ಸು ಇಳಿಯುತ್ತದೆ, ಕೆಲಸದ ಗುಣಮಟ್ಟ ಮಾತ್ರ ಕುಗ್ಗುವುದಿಲ್ಲ. ತರಬೇತಿ ಮಾರುವವರು ಈ ಎರಡನೆಯ ಫಲಿತಾಂಶವನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕು.