ಸತ್ಯಾಂಶ: ವಾರಂಟಿ ಇದ್ದರೆ ಹೊಸ ಕ್ಲಚ್ ಉಚಿತವೇ?

‘ವಾರಂಟಿ ಅವಧಿಯಲ್ಲಿ ಕಾರಿನ ಕ್ಲಚ್ ಕೆಟ್ಟರೆ ಕಂಪನಿ ಉಚಿತವಾಗಿ ಬದಲಿಸಲೇಬೇಕು, ಇದು ಕಾನೂನು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅಂಥ ಕಾನೂನು ಇಲ್ಲ. ಕ್ಲಚ್ ಪ್ಲೇಟ್ ಬ್ರೇಕ್ ಪ್ಯಾಡಿನ ಹಾಗೆ ಸವೆಯುವ ಭಾಗ. ಸಹಜ ಸವೆತವನ್ನು ಬಹುತೇಕ ವಾರಂಟಿಗಳು ಹೊರಗಿಡುತ್ತವೆ. ಆಗುಂಬೆ ಘಾಟಿಯ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲೇ (ಪೆಡಲನ್ನು ಅರ್ಧ ಒತ್ತಿ ಹಿಡಿದು) ಕಾರನ್ನು ತಡೆದು ನಿಲ್ಲಿಸುತ್ತಿದ್ದರೆ ಹೊಸ ಪ್ಲೇಟೂ ಬೇಗ ಸುಟ್ಟುಹೋಗುತ್ತದೆ.

ಹಾಗೆಂದು ‘ನಿಮ್ಮ ಚಾಲನೆಯೇ ಸರಿಯಿಲ್ಲ’ ಎಂಬ ಸರ್ವಿಸ್ ಸೆಂಟರಿನ ಮಾತೇ ಅಂತಿಮವಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಇಲ್ಲಿಯೇ ಸೋತು ಹಣ ಕಟ್ಟುತ್ತಾರೆ. ಬಿಚ್ಚಿದ ಭಾಗಗಳನ್ನು ಕಣ್ಣಾರೆ ನೋಡಿ. ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ನಿನ ಚಕ್ರ) ಮೇಲಿನ ನೀಲಿ ಕಲೆ ಅತಿ ಬಿಸಿಯ ಗುರುತು. ಅದೊಂದೇ ಚಾಲಕನ ತಪ್ಪಿಗೆ ಸಾಕ್ಷಿಯಾಗದು. ಎಂಜಿನ್ನಿನ ಹಿಂಬದಿಯ ಸೀಲ್ ಸೋರಿ ಪ್ಲೇಟ್ ಎಣ್ಣೆಯಲ್ಲಿ ನೆನೆದಿದ್ದರೆ ಅಥವಾ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಮುರಿದಿದ್ದರೆ ಅದು ಬರಿಯ ಸವೆತವಲ್ಲ. ತಯಾರಿಕಾ ದೋಷವೆಂದು ವಾರಂಟಿ ಕೇಳಲು ಅಲ್ಲಿ ಆಧಾರವಿದೆ.

ಫೋಟೊ ತೆಗೆದುಕೊಳ್ಳಿ, ನಿರಾಕರಣೆಯ ಕಾರಣವನ್ನು ಬರಹದಲ್ಲಿ ಪಡೆಯಿರಿ, ಹಳೆಯ ಭಾಗಗಳನ್ನು ಬಿಟ್ಟು ಬರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗವು ಅವುಗಳನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಬಹುದು. ದೂರು ಸಲ್ಲಿಸಲು ಸಾಮಾನ್ಯವಾಗಿ 2 ವರ್ಷಗಳ ಕಾಲಾವಕಾಶವಿದೆ; ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.